ನಾನು ಯಾರ ನೌಕರ ಸ್ವಾಮಿ?

"ನೀ ನಮ್ಮವನಲ್ಲ, ಕಂಟ್ರಾಕ್ಟರ್ ಮನಷ್ಯಾ" ಅಂತ ಕಾರ್ಖಾನೆಯವರು. "ಕಂಪ್ನಿಯವ್ರನ್ನ ಕೇಳ್ರಿ, ನಾವು ಬರೇ ಮಂದಿ ಕೊಡೋರು" ಅಂತ ಏಜೆನ್ಸಿಯವರು. ಹಾವೇರಿಯಿಂದ ರಾಣೇಬೆನ್ನೂರಿಗೆ ದಿನಾ ಬಸ್ಸು ಹತ್ತಿ ಮೂರೂವರೆ ವರ್ಷ ಒಂದೇ ಮಷಿನ್ ಮುಂದೆ ನಿಂತವನು ನಾನು. ಅಷ್ಟರಲ್ಲಿ ಏಜೆನ್ಸಿಯ ಹೆಸರು ಮೂರು ಸಲ ಬದಲಾಯಿತು, ಮಷಿನ್ ಮಾತ್ರ ಅದೇ!

2022ರ ಮಾರ್ಚ್ 31ಕ್ಕೆ ಕೆಲಸ ಹೋಯಿತು. ಇಎಸ್ಐನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿತ್ತು, 2018ರಲ್ಲಿ ಬಂದದ್ದು. ಕೆಲಸ ಕಳೆದುಕೊಂಡವರಿಗೆ ದಿನದ ಸರಾಸರಿ ಕೂಲಿಯ ಅರ್ಧದಂತೆ 90 ದಿನದವರೆಗೆ, ಅದೂ ಜೀವನದಲ್ಲಿ ಒಮ್ಮೆ. ನನ್ನ ಲೆಕ್ಕದಲ್ಲಿ 18,000 ರೂಪಾಯಿ. ಅರ್ಜಿ ಹಾಕಿದೆ. ತಿರಸ್ಕಾರ! ಕೊನೆಯ ಆರು ತಿಂಗಳಲ್ಲಿ 78 ದಿನದ ವಂತಿಗೆ ಬೇಕು, ನನ್ನದು 61 ಅಂತೆ. ನಾನು ದುಡಿದದ್ದು 140ಕ್ಕೂ ಹೆಚ್ಚು ದಿನ. ನನ್ನ ಪಾಲಿನ ಶೇ. 0.75 ಪ್ರತಿ ತಿಂಗಳೂ ಕಡಿದುಕೊಂಡಿದ್ದರಲ್ಲ, ಆ ದಿನಗಳು ಎಲ್ಲಿ ಹೋದವು?

ಸ್ನೇಹಿತರೆ, ಆಗ ಜಾರಿಯಲ್ಲಿದ್ದ 1948ರ ಇಎಸ್ಐ ಕಾಯ್ದೆಯ 40ನೇ ಕಲಂ ಓದಿ. ಗುತ್ತಿಗೆಯವನ ಮೂಲಕ ಬಂದ ಕಾರ್ಮಿಕನ ವಂತಿಗೆಯನ್ನೂ ಮೊದಲು ಕಟ್ಟಬೇಕಾದವನು ಮೂಲ ಮಾಲೀಕನೇ. ಅವನು ಕಟ್ಟದ್ದರಿಂದ ಸೌಲಭ್ಯ ತಪ್ಪಿದರೆ ನಿಗಮ ಕಾರ್ಮಿಕನಿಗೆ ಕೊಟ್ಟು ಮಾಲೀಕನಿಂದ ವಸೂಲಿ ಮಾಡಬಹುದು ಅನ್ನುತ್ತದೆ 68ನೇ ಕಲಂ. ಇದನ್ನೇ ಬರೆದು, ಸಂಬಳದ ಚೀಟಿ, ಪಾಸ್‌ಬುಕ್ ಜೆರಾಕ್ಸ್ ಲಗತ್ತಿಸಿ ಮೇಲ್ಮನವಿ ಹಾಕಿದೆ. ಎಂಟು ತಿಂಗಳು ಅಲೆದ ಮೇಲೆ ದಿನಗಳು ಸರಿಯಾದವು, ದುಡ್ಡೂ ಬಂತು.

ಖುಷಿಯೇ? ಇಲ್ಲ ಸ್ವಾಮಿ. ನನ್ನ ಜೊತೆಗೇ ಕೆಲಸ ಹೋದ ಇಬ್ಬರು ಬ್ಯಾಡಗಿಯವರು ಚೀಟಿ ಇಟ್ಟುಕೊಂಡಿರಲಿಲ್ಲ. ಅವರಿಗೆ ಒಂದು ಪೈಸೆಯೂ ಇಲ್ಲ. ಈಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಅದರ ತೊಟ್ಟು ಬಿಡಿಸುವ ಕೈಗೆ ಯಾವ ಗುರುತಿದೆ?

ಲೆಕ್ಕ ತಪ್ಪು ಬರೆದವನು ಮಾಲೀಕ, ಸರಿ ಅಂತ ಸಾಬೀತು ಮಾಡಬೇಕಾದವನು ಕೂಲಿಯವ.... ಇದ್ಯಾವ ನ್ಯಾಯ? ಕಟ್ಟಿದ ವಂತಿಗೆಯ ಹಣ ಭಿಕ್ಷೆಯಲ್ಲ. ಹಾಜರಿ ಪುಸ್ತಕ ಇರುವುದು ಕಾರ್ಖಾನೆಯಲ್ಲಿ. ಅರ್ಜಿ ತಿರಸ್ಕರಿಸುವ ಮೊದಲು ಕಚೇರಿಯೇ ಅದನ್ನು ತರಿಸಿ ನೋಡಲಿ.

2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾಯಿತು, ನನ್ನ ಏಜೆನ್ಸಿಯ ಹೆಸರಿನ ಹಾಗೆ. ಮಷಿನ್ ಬದಲಾಗಿದೆಯಾ?

ಅಲ್ಲಿಯವರೆಗೆ ನಿಮ್ಮ ಚೀಟಿ ಜೋಪಾನ. ಏನಂತೀರಿ?