ಟಿವಿ ಕೈಕೊಟ್ಟಾಗ ಮೊದಲು ಮಾಳಿಗೆ ನೋಡಿ

ಸಂಜೆ ಮನೆಮಂದಿಯೆಲ್ಲ ಸುದ್ದಿ ನೋಡಲು ಕುಳಿತಿರುತ್ತಾರೆ. ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಕೊನೆಗೆ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ ಉಳಿಯುತ್ತದೆ. ಆಗ ನಾವು ಮಾಡುವುದೇನು? ಟಿವಿಗೆ ಒಂದು ಏಟು ಕೊಡುತ್ತೇವೆ. ರಿಮೋಟಿನ ಬ್ಯಾಟರಿ ತೆಗೆದು ಹಾಕುತ್ತೇವೆ. ಅದೂ ಫಲಿಸದಿದ್ದರೆ ಮೆಕ್ಯಾನಿಕ್‌ನನ್ನು ಕರೆಸುತ್ತೇವೆ. ಆತ ‘ಸೆಟ್ ಪೂರಾ ಬದಲಿಸಬೇಕು’ ಎಂದರೆ ಮರುಮಾತಿಲ್ಲದೆ ಹಣ ಎಣಿಸಿಕೊಡುತ್ತೇವೆ.

ನಿಜವಾಗಿ ಹೆಚ್ಚಿನ ಸಂದರ್ಭಗಳಲ್ಲಿ ಕೆಟ್ಟಿರುವುದು ಟಿವಿಯಲ್ಲ, ಬಾಕ್ಸೂ ಅಲ್ಲ. ಮಾಳಿಗೆಯ ಮೇಲೆ ಬಿಸಿಲು, ಮಳೆ, ಗಾಳಿಗೆ ಮೈಯೊಡ್ಡಿ ನಿಂತಿರುವ ಡಿಶ್‌ನ ಯಾವುದೋ ಒಂದು ಸಣ್ಣ ಬಿಡಿಭಾಗ. ಯಾವುದು ಕೆಟ್ಟಿದೆ ಎಂದು ತಿಳಿದರೆ ಅದನ್ನಷ್ಟೇ ಬದಲಿಸಬಹುದು. ದಿನಗೂಲಿಯಲ್ಲಿ ಬದುಕುವ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಟಿವಿ ಬರೀ ಮನರಂಜನೆಯ ಪೆಟ್ಟಿಗೆಯೂ ಅಲ್ಲ. 2020ರಲ್ಲಿ ಕೊರೊನಾ ಕಾರಣ ಶಾಲೆಗಳು ಮುಚ್ಚಿದ್ದಾಗ ನಮ್ಮ ಮಕ್ಕಳಿಗೆ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಲ್ಲಿ ಅಂದು ಮಾಳಿಗೆಯ ಛತ್ರಿಯೇ ಶಾಲೆಯ ಬಾಗಿಲಾಗಿತ್ತು.

ಡಿಶ್ ಕೆಲಸ ಮಾಡುವುದು ಹೇಗೆ?

ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವಿದೆ. ಅದು ಭೂಮಿಯೊಂದಿಗೇ ಸುತ್ತುವುದರಿಂದ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತಿರುತ್ತದೆ. ಅಲ್ಲಿಂದ ಬರುವ ಅಲೆಗಳು ನಮ್ಮ ಮನೆ ತಲುಪುವಾಗ ಬಹಳ ಕ್ಷೀಣವಾಗಿರುತ್ತವೆ. ಡಿಶ್‌ನ ತಟ್ಟೆ ಅವನ್ನು ಒಂದೆಡೆ ಕೂಡಿಸುತ್ತದೆ. ಮುಂದಕ್ಕೆ ಚಾಚಿದ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಾಧನ ಅವನ್ನು ಹಿಡಿದು, ಬಲಪಡಿಸಿ, ಕೇಬಲ್‌ನಲ್ಲಿ ಸಾಗಬಲ್ಲ ಕಡಿಮೆ ಆವರ್ತನಕ್ಕೆ ಇಳಿಸಿ ಬಾಕ್ಸ್‌ಗೆ ಕಳುಹಿಸುತ್ತದೆ. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತನ್ನು ಅದೇ ಕೇಬಲ್ ಮೂಲಕ ಬಾಕ್ಸ್ ಒದಗಿಸುತ್ತದೆ. ತಟ್ಟೆ, ಎಲ್‌ಎನ್‌ಬಿ, ಕೇಬಲ್, ಕೇಬಲ್‌ನ ಎರಡು ತುದಿಯ ಕನೆಕ್ಟರ್‌ಗಳು, ಬಾಕ್ಸ್ - ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಚಿತ್ರ ನಿಲ್ಲುತ್ತದೆ.

ಕಡೇಚೂರಿನಿಂದ ನೋಡಿದರೆ

ಯಾದಗಿರಿ ಜಿಲ್ಲೆಯ ಕಡೇಚೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ವಾಹಿನಿಗಳು 2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತವೆ. ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕಡೇಚೂರಿನ ಮಾಳಿಗೆಯಿಂದ ಅದು ಸರಿಸುಮಾರು ಆಗ್ನೇಯ ದಿಕ್ಕಿನಲ್ಲಿ, ಅಂದರೆ ದಕ್ಷಿಣಕ್ಕೂ ಪೂರ್ವಕ್ಕೂ ನಟ್ಟನಡುವೆ, ನೆಲದಿಂದ 63 ಡಿಗ್ರಿಯಷ್ಟು ಎತ್ತರದಲ್ಲಿದೆ. ತಟ್ಟೆಯ ಮುಖ ಇಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ. ಅಲೆಗಳು ಓರೆಯಾಗಿ ಬಂದು ಎಲ್‌ಎನ್‌ಬಿಗೆ ಪುಟಿಯುವಂತೆ ಅದನ್ನು ರೂಪಿಸಲಾಗಿದೆ. ಆದ್ದರಿಂದ ಅದು ‘ಕೆಳಗೆ ನೋಡುತ್ತಿದೆ’ ಎಂದು ಎತ್ತಿ ಬಿಡಬೇಡಿ.

ಇದರಿಂದ ಒಂದು ಉಪಯುಕ್ತ ಲೆಕ್ಕ ಸಿಗುತ್ತದೆ. ಆಗ್ನೇಯಕ್ಕಿರುವ ಗೋಡೆಯೋ ಬೇವಿನ ಮರವೋ ಡಿಶ್‌ಗಿಂತ ಹತ್ತು ಅಡಿ ಎತ್ತರವಿದ್ದರೂ, ಅದು ಆರು ಅಡಿ ದೂರದಲ್ಲಿದ್ದರೆ ಅಡ್ಡಿಯಾಗದು. ಆದರೆ ಡಿಶ್ ಕೂರಿಸಿದಾಗ ಚಿಕ್ಕದಾಗಿದ್ದ ಮರ ನಾಲ್ಕೈದು ವರ್ಷಗಳಲ್ಲಿ ಮಾಳಿಗೆಯ ಮೇಲೇ ಬಾಗಿರಬಹುದು. ಹಾಗಿದ್ದರೆ ಬಿಡಿಭಾಗ ಬದಲಿಸಿ ಪ್ರಯೋಜನವಿಲ್ಲ. ಕೊಂಬೆ ಸವರಿದರೆ ಸಾಕು. ಮರ ಪಕ್ಕದ ಮನೆಯವರದಾಗಿದ್ದರೆ ಮೊದಲು ಅವರನ್ನು ಕೇಳಿ.

ಬಾಕ್ಸ್ ಹೇಳುವ ಮಾತು

ಏಣಿ ಹತ್ತುವ ಮೊದಲು ರಿಮೋಟ್ ಕೈಗೆತ್ತಿಕೊಳ್ಳಿ. ಬಾಕ್ಸ್‌ನ ಮೆನುವಿನಲ್ಲಿ ‘ಸಿಗ್ನಲ್ ಸ್ಟ್ರೆಂತ್’ ಮತ್ತು ‘ಸಿಗ್ನಲ್ ಕ್ವಾಲಿಟಿ’ ಎಂಬ ಎರಡು ಪಟ್ಟಿಗಳಿರುತ್ತವೆ. ರೋಗಿಯ ನಾಡಿಯಂತೆ ಅವು ದೋಷದ ಸುಳಿವು ಕೊಡುತ್ತವೆ.

ಸ್ಟ್ರೆಂತ್, ಕ್ವಾಲಿಟಿ ಎರಡೂ ಸೊನ್ನೆಯಾಗಿದ್ದರೆ ಕೇಬಲ್ ತುಂಡಾಗಿರಬಹುದು, ಕನೆಕ್ಟರ್ ಕಳಚಿರಬಹುದು ಅಥವಾ ಎಲ್‌ಎನ್‌ಬಿ ಸತ್ತಿರಬಹುದು. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಮಾತ್ರ ಸೊನ್ನೆಯಾಗಿದ್ದರೆ ಎಲ್‌ಎನ್‌ಬಿಗೆ ಜೀವವಿದೆ, ಆದರೆ ತಟ್ಟೆ ದಿಕ್ಕು ತಪ್ಪಿದೆ ಎಂದು ಊಹಿಸಬಹುದು. ಕೆಲವು ಚಾನೆಲ್‌ಗಳು ಬಂದು ಕೆಲವು ಬಾರದಿದ್ದರೆ ಎಲ್‌ಎನ್‌ಬಿ ಅಥವಾ ಕೇಬಲ್ ಮೇಲೆ ಸಂಶಯಪಡಿ. ಬಾಕ್ಸ್ 13 ವೋಲ್ಟ್ ಕಳುಹಿಸಿದಾಗ ಎಲ್‌ಎನ್‌ಬಿ ಒಂದು ಗುಂಪಿನ ಚಾನೆಲ್‌ಗಳನ್ನೂ, 18 ವೋಲ್ಟ್ ಕಳುಹಿಸಿದಾಗ ಇನ್ನೊಂದು ಗುಂಪನ್ನೂ ಹಿಡಿಯುತ್ತದೆ. ಈ ಬದಲಾವಣೆ ಸರಿಯಾಗಿ ಆಗದಿದ್ದರೆ ಒಂದು ಗುಂಪು ಮಾಯವಾಗುತ್ತದೆ. ಬೆಳಿಗ್ಗೆ, ರಾತ್ರಿ ಸರಿಯಿದ್ದು ನಡುಮಧ್ಯಾಹ್ನದ ಬಿಸಿಲಿಗೆ ಮಾತ್ರ ಚಿತ್ರ ನಿಲ್ಲುತ್ತಿದ್ದರೆ, ಬಿಸಿಯಾದಾಗ ಕೆಡುವ ಹಳೆಯ ಎಲ್‌ಎನ್‌ಬಿ ಅಥವಾ ಸಡಿಲ ಕನೆಕ್ಟರ್ ಕಾರಣವಾಗಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಸೀಮೆಯಲ್ಲಿ ಇದನ್ನು ಮರೆಯಬಾರದು.

ಅಗ್ಗದ್ದು ಮೊದಲು

ದುರಸ್ತಿಯಲ್ಲಿ ಒಂದು ಕ್ರಮವಿರಲಿ. ಕಡಿಮೆ ಬೆಲೆಯದನ್ನು ಮೊದಲು ಪರೀಕ್ಷಿಸಿ, ಹೆಚ್ಚಿನದನ್ನು ಕೊನೆಗೆ.

ಮೊದಲನೆಯದು ಕನೆಕ್ಟರ್. ಬಾಕ್ಸ್‌ನ ವಿದ್ಯುತ್ ಪ್ಲಗ್ ಕಿತ್ತ ನಂತರವೇ ಕೇಬಲ್ ಬಿಚ್ಚಬೇಕು. ಬಾಕ್ಸ್ ಚಾಲೂ ಇರುವಾಗ ನಡುವಿನ ತಂತಿ ಹೊರಜಾಲಿಗೆಗೆ ತಗುಲಿದರೆ ಬಾಕ್ಸೇ ಸುಡಬಹುದು. ಬಿಚ್ಚಿ ನೋಡಿದಾಗ ನಡುವಿನ ತಂತಿ ಹೊಳೆಯುತ್ತಿರಬೇಕು. ಕಪ್ಪೋ ಹಸಿರೋ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆ ಭಾಗ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ನಡುವಿನ ತಂತಿ ಕನೆಕ್ಟರ್‌ನ ಅಂಚಿನಿಂದ ಎರಡು-ಮೂರು ಮಿಲಿಮೀಟರ್ ಹೊರಗಿದ್ದರೆ ಸಾಕು. ಜಾಲಿಗೆಯ ಒಂದೇ ಒಂದು ಎಳೆಯೂ ಅದಕ್ಕೆ ತಾಗಬಾರದು.

ಎರಡನೆಯದು ಕೇಬಲ್. ಇಲಿ ಕಡಿದಿದೆಯೇ, ಮಂಗಗಳು ಜಗ್ಗಿವೆಯೇ, ಬಿಸಿಲಿಗೆ ಮೇಲ್ಪದರ ಬಿರಿದಿದೆಯೇ, ನಡುವೆ ಟೇಪ್ ಸುತ್ತಿದ ಜೋಡಣೆಗಳಿವೆಯೇ ನೋಡಿ. ಬದಲಿಸುವುದಾದರೆ ‘ಆರ್‌ಜಿ-6’ ಎಂದು ಕೇಳಿ, ಡಿಶ್‌ನಿಂದ ಬಾಕ್ಸ್‌ವರೆಗೆ ಜೋಡಣೆಯಿಲ್ಲದೆ ಒಂದೇ ಉದ್ದವಾಗಿ ಎಳೆಸಿ. ಎಲ್‌ಎನ್‌ಬಿಯ ಕೆಳಗೂ, ಮನೆಯೊಳಗೆ ಹೋಗುವ ತೂತಿನ ಮುಂದೂ ಕೇಬಲ್ ಸ್ವಲ್ಪ ಜೋತುಬಿದ್ದಿರಲಿ. ಮಳೆನೀರು ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ.

ಮೂರನೆಯದು ಎಲ್‌ಎನ್‌ಬಿ. ಅದರ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಒಡೆದರೆ ನೀರು, ಧೂಳು, ಕೆಲವೊಮ್ಮೆ ಕಣಜ ಒಳಸೇರುತ್ತವೆ. ಇದು ಕೆಲವು ನೂರು ರೂಪಾಯಿಗಳಲ್ಲಿ ಸಿಗುವ ಸಾಧನ. ಫ್ರೀ ಡಿಶ್‌ಗಾದರೆ ‘ಯೂನಿವರ್ಸಲ್ ಕೆಯು ಬ್ಯಾಂಡ್’ ಎಂದು ಕೇಳಿ. ಅದರ ಮೇಲೆ 9750 ಮತ್ತು 10600 ಎಂಬ ಅಂಕೆಗಳಿರುತ್ತವೆ. ಆರು-ಎಂಟು ಅಡಿಯ ಹಳೆಯ ದೊಡ್ಡ ಡಿಶ್‌ಗಳ ಸಿ ಬ್ಯಾಂಡ್ ಎಲ್‌ಎನ್‌ಬಿ ಇಲ್ಲಿ ಕೆಲಸಕ್ಕೆ ಬಾರದು. ಹಳೆಯದನ್ನು ಬಿಚ್ಚುವ ಮುನ್ನ ಅದು ಹಿಡಿಕೆಯಲ್ಲಿ ಎಷ್ಟು ಓರೆಯಾಗಿ ಕುಳಿತಿದೆ ಎಂದು ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ನಮ್ಮ ಭಾಗದಲ್ಲಿ ಈ ಓರೆ ಸಣ್ಣದಲ್ಲ. ಹೊಸದನ್ನು ನೆಟ್ಟಗೆ ಕೂರಿಸಿಬಿಟ್ಟರೆ ಒಳ್ಳೆಯ ಎಲ್‌ಎನ್‌ಬಿಯೂ ಕೆಟ್ಟದ್ದರಂತೆ ವರ್ತಿಸುತ್ತದೆ.

ಕೂಡುಕುಟುಂಬದಲ್ಲಿ ಎರಡು ಟಿವಿಗಳಿದ್ದರೆ ಇನ್ನೊಂದು ಮಾತು. ಒಂದೇ ಕೇಬಲ್ಲನ್ನು ಸ್ಪ್ಲಿಟರ್‌ನಿಂದ ಎರಡು ಬಾಕ್ಸ್‌ಗೆ ಹಂಚಿದರೆ, ಒಂದು ಬಾಕ್ಸ್ ಕಳುಹಿಸುವ ವೋಲ್ಟೇಜ್ ಇನ್ನೊಂದರ ಚಾನೆಲ್‌ಗಳನ್ನು ಕೆಡಿಸುತ್ತದೆ. ಅತ್ತೆಯ ಕೋಣೆಯ ಟಿವಿ ಹಾಕಿದಾಗ ಸೊಸೆಯ ಕೋಣೆಯದು ನಿಂತರೆ ಯಾರನ್ನೂ ದೂರಬೇಡಿ. ಎರಡು ಹೊರದಾರಿಗಳಿರುವ ಎಲ್‌ಎನ್‌ಬಿ ಹಾಕಿಸಿ, ಎರಡು ಕೇಬಲ್ ಎಳೆಸಿ.

ನಾಲ್ಕನೆಯದು ತಟ್ಟೆಯ ದಿಕ್ಕು. ಅರವತ್ತು ಸೆಂಟಿಮೀಟರ್ ತಟ್ಟೆಯ ಅಂಚು ಒಂದು ಸೆಂಟಿಮೀಟರ್ ವಾಲಿದರೆ ಅದರ ನೋಟ ಸುಮಾರು ಒಂದು ಡಿಗ್ರಿ ತಪ್ಪುತ್ತದೆ. ಎರಡು ಡಿಗ್ರಿ ತಪ್ಪಿದರೆ ಚಿತ್ರ ಹೋದಂತೆಯೇ. ಆಟವಾಡುವ ಮಕ್ಕಳ ಚೆಂಡು ಅಥವಾ ಡಿಶ್‌ಗೆ ಕಟ್ಟಿದ ಬಟ್ಟೆಯ ಹಗ್ಗ ಇಷ್ಟು ಮಾಡಲು ಸಾಕು. ನಟ್ಟು-ಬೋಲ್ಟು ಅರ್ಧ ಸಡಿಲಿಸಿ, ಬೆರಳಗಲದಷ್ಟು ಮಾತ್ರ ತಿರುಗಿಸಿ, ಎರಡು-ಮೂರು ಸೆಕೆಂಡ್ ತಡೆದು, ಕೆಳಗೆ ಕ್ವಾಲಿಟಿ ನೋಡುತ್ತಿರುವವರ ಉತ್ತರ ಕೇಳಿ ಮುಂದುವರಿಯಿರಿ. ಸಿಕ್ಕ ನಂತರ ಬೋಲ್ಟ್‌ಗಳನ್ನು ಒಂದೊಂದಾಗಿ ಸಮನಾಗಿ ಬಿಗಿಯಿರಿ.

ತಟ್ಟೆಯನ್ನೇ ಬದಲಿಸಬೇಕಾದದ್ದು ಅದು ನೆಗ್ಗಿದ್ದರೆ, ಸೊಟ್ಟಗಾಗಿದ್ದರೆ ಅಥವಾ ಕಾಲು ತುಕ್ಕು ಹಿಡಿದು ಅಲುಗಾಡುತ್ತಿದ್ದರೆ ಮಾತ್ರ. ಮೇಲ್ಮೈಯ ಬಣ್ಣ ಮಾಸಿದ್ದಕ್ಕೆ ಹೊಸ ತಟ್ಟೆ ಬೇಡ.

ಏನನ್ನೂ ಬದಲಿಸಬಾರದ ಸಮಯ

ದಟ್ಟ ಮೋಡ ಕವಿದು ಜೋರು ಮಳೆ ಸುರಿಯುವಾಗ ನೀರಹನಿಗಳು ಅಲೆಗಳನ್ನು ಹೀರಿಕೊಳ್ಳುತ್ತವೆ. ಮಳೆ ತಗ್ಗಿದ ಮೇಲೆ ಚಿತ್ರ ತಾನಾಗಿ ಮರಳುತ್ತದೆ. ಆದರೆ ತುಂತುರು ಮಳೆಗೂ ನಿಲ್ಲುತ್ತಿದ್ದರೆ ದಿಕ್ಕು ಅಥವಾ ಎಲ್‌ಎನ್‌ಬಿ ದುರ್ಬಲವಾಗಿದೆ ಎಂದು ತಿಳಿಯಿರಿ.

ವರ್ಷದಲ್ಲಿ ಎರಡು ಬಾರಿ ಸೂರ್ಯನೇ ಅಡ್ಡಬರುತ್ತಾನೆ. ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಆರಂಭದಲ್ಲಿ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸಿನಲ್ಲಿ ಸೂರ್ಯ ಜಿಸ್ಯಾಟ್-15ರ ನೇರ ಹಿಂದೆ ಬರುತ್ತಾನೆ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳದಾಗುತ್ತದೆ. ಕೆಲವು ನಿಮಿಷ ಕಾದರೆ ಸಾಕು.

ಕೆಲವೊಮ್ಮೆ ದೋಷ ಆಕಾಶದಲ್ಲೇ ಇರುತ್ತದೆ. 2010ರ ಜುಲೈ 7ರಂದು ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ಪೂರೈಕೆ ಕೆಟ್ಟು, ಅದರ ಪ್ರಸಾರ ಸಾಧನಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ಸನ್ ಡೈರೆಕ್ಟ್ ಸಂಸ್ಥೆ 91.5 ಡಿಗ್ರಿಯಲ್ಲಿದ್ದ ಮೀಸ್ಯಾಟ್-3ಕ್ಕೆ ಹೋಗಬೇಕಾಯಿತು, ಡಿಶ್‌ಗಳನ್ನು ಎರಡು ಡಿಗ್ರಿ ತಿರುಗಿಸಬೇಕಾಯಿತು. ಇಂತಹ ದಿನ ಯಾವ ಬಿಡಿಭಾಗ ಬದಲಿಸಿದರೂ ವ್ಯರ್ಥವೇ. ಆದ್ದರಿಂದ ಏಣಿ ಹತ್ತುವ ಮುನ್ನ ನೆರೆಮನೆಯಲ್ಲಿ ಅದೇ ಸಂಸ್ಥೆಯ ಡಿಶ್ ಇದ್ದರೆ ‘ನಿಮ್ಮಲ್ಲಿ ಬರುತ್ತಿದೆಯೇ?’ ಎಂದು ಕೇಳಿ. ಅದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಜೀವ ಮೊದಲು

ಟಿವಿ ನಾಳೆಯೂ ನೋಡಬಹುದು. ಗಾಳಿ-ಮಳೆಯಲ್ಲಿ, ಗುಡುಗು-ಮಿಂಚಿನಲ್ಲಿ, ಕತ್ತಲಲ್ಲಿ ಮಾಳಿಗೆ ಹತ್ತಬೇಡಿ. ಮಾಳಿಗೆಯ ಹತ್ತಿರ ಕರೆಂಟಿನ ತಂತಿ ಹಾದುಹೋಗಿದ್ದರೆ ಕಬ್ಬಿಣದ ಏಣಿಯನ್ನಾಗಲಿ ಡಿಶ್‌ನ ಪೈಪನ್ನಾಗಲಿ ಎತ್ತಲೇಬೇಡಿ. ಆ ಕೆಲಸ ತಿಳಿದವರಿಗೆ ಬಿಡಿ. ಹಳೆಯ ಮಣ್ಣಿನ ಮಾಳಿಗೆಗಳ ಅಂಚು ಮಳೆಗಾಲದಲ್ಲಿ ಕುಸಿಯಬಹುದು. ಮಕ್ಕಳನ್ನು ‘ನೀನು ಹಗುರ ಇದ್ದೀಯ, ಹತ್ತು’ ಎಂದು ಕಳುಹಿಸುವುದಂತೂ ಸಲ್ಲದು. ಮಿಂಚು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ಬಾಕ್ಸ್‌ನಿಂದ ತೆಗೆದಿಡಿ.

ಮೆಕ್ಯಾನಿಕ್‌ನನ್ನು ಕರೆಸಿದಾಗ ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಯಾವ ಭಾಗ ಕೆಟ್ಟಿದೆ? ಅದನ್ನು ಹೇಗೆ ಪರೀಕ್ಷಿಸಿದಿರಿ? ಬಿಚ್ಚಿದ ಹಳೆಯ ಭಾಗ ಎಲ್ಲಿ? ಪ್ರಾಮಾಣಿಕ ಕೆಲಸಗಾರ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾನೆ. ಅಂಥವನಿಗೆ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಉರಿಬಿಸಿಲಲ್ಲಿ ಮಾಳಿಗೆಯ ಮೇಲೆ ನಿಂತು ಹಣ ಉಳಿಸಿಕೊಟ್ಟವನು ಆತ. ಮೊದಲೊಂದು ಲೋಟ ತಣ್ಣೀರು ಕೊಡಿ, ನಂತರ ಕೂಲಿ ಕೊಡಿ.