ಸಿಗಾರಿನ ವಂಶಾವಳಿಯಲ್ಲಿ ಸುತ್ತಿದವರ ಹೆಸರೆಲ್ಲಿ?

ಅಮೆರಿಕದ ದುಬಾರಿ ಸಿಗಾರ್ ಅಂಗಡಿಗಳಲ್ಲಿ 'ಕುಟುಂಬ' ಎಂಬ ಪದಕ್ಕೆ ಒಳ್ಳೆಯ ಬೆಲೆಯಿದೆ. ಸೀಮಿತ ಸಂಖ್ಯೆಯಲ್ಲಿ ತಯಾರಾದದ್ದು, ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿರುವುದು ಎಂಬ ಎರಡು ಮಾತು ಸೇರಿದರೆ, ತಂಬಾಕಿನ ಸುರುಳಿಯೊಂದು ಪರಂಪರೆಯ ಪಟ್ಟಕ್ಕೇರುತ್ತದೆ. ತಂಬಾಕು ಕೊಲ್ಲುತ್ತದೆ ಎಂಬುದು ಎಲ್ಲರೂ ಬಲ್ಲ ಸತ್ಯ. ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಪರಂಪರೆಯ ವಾರಸುದಾರರು ಯಾರು?

ಪಡ್ರೋನ್ ಮನೆತನವನ್ನೇ ನೋಡೋಣ. ಕೆನರಿ ದ್ವೀಪಗಳಿಂದ ಕ್ಯೂಬಾಕ್ಕೆ ವಲಸೆ ಬಂದು ಪಿನಾರ್ ದೆಲ್ ರಿಯೋದಲ್ಲಿ ತಂಬಾಕು ಬೆಳೆದ ಕುಟುಂಬವದು. ಕ್ರಾಂತಿಯ ನಂತರ ಜಮೀನು ಸರ್ಕಾರದ ಪಾಲಾಯಿತು. ದೇಶ ಬಿಟ್ಟ ಹೋಸೆ ಒರ್ಲಾಂಡೋ ಪಡ್ರೋನ್, ಮಯಾಮಿಯಲ್ಲಿ ಬಡಗಿ ಕೆಲಸ ಮಾಡಿ ಕೂಡಿಟ್ಟ 600 ಡಾಲರಿನಿಂದ 1964ರಲ್ಲಿ ಸಿಗಾರ್ ತಯಾರಿಕೆ ಆರಂಭಿಸಿದರು. 1970ರಲ್ಲಿ ಉತ್ಪಾದನೆಯನ್ನು ನಿಕರಾಗುವಾಕ್ಕೆ ಒಯ್ದರು. 1978ರ ದಂಗೆಯಲ್ಲಿ ಎಸ್ತೆಲಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ರಾಜಕೀಯ ಕೈದಿಗಳ ಬಿಡುಗಡೆಗಾಗಿ ಕ್ಯಾಸ್ಟ್ರೋ ಜೊತೆ ಮಾತುಕತೆಗೆ ಹೋದ ತಪ್ಪಿಗೆ, ಕ್ಯೂಬಾದ ವಲಸಿಗರಲ್ಲೇ ಇದ್ದ ಉಗ್ರರು ಅವರ ಮಯಾಮಿಯ ಕಂಪನಿಯ ಮೇಲೆ ಹಲವು ಬಾರಿ ಬಾಂಬ್ ದಾಳಿ ನಡೆಸಿದರು. ಇದು ನಿಜದ ಬದುಕು, ನಿಜದ ನೋವು. ಊರು ಬಿಟ್ಟು ಬಂದ ನಮ್ಮನ್ನು ಈ ಕಥೆ ತಟ್ಟುವುದು ಸಹಜ. ಆದ್ದರಿಂದಲೇ ಅದು ಇಷ್ಟು ಚೆನ್ನಾಗಿ ಮಾರಾಟವಾಗುತ್ತದೆ.

ಮೂವತ್ತು ವರ್ಷ ತುಂಬಿದ ನೆನಪಿಗೆ 1994ರಲ್ಲಿ ಈ ಮನೆತನ '1964 ಆನಿವರ್ಸರಿ' ಸಿಗಾರನ್ನು ಹೊರತಂದಿತು. ನಕಲಿ ತಡೆಯಲು ಇಂದು ಅದರ ಒಂದೊಂದು ಸಿಗಾರಿಗೂ ಕ್ರಮಸಂಖ್ಯೆಯುಳ್ಳ ಕಾಗದದ ಪಟ್ಟಿಯಿದೆ. ಪ್ರತಿಯೊಂದಕ್ಕೂ ಸಂಖ್ಯೆ ಕೊಡಬಲ್ಲ ವ್ಯವಸ್ಥೆಗೆ, ಅದನ್ನು ಸುತ್ತಿದವರ ಹೆಸರು ಬರೆಯುವುದು ಅಸಾಧ್ಯವೇನಲ್ಲ; ಬೇಕಾಗಿಲ್ಲ, ಅಷ್ಟೆ. ಇದು ಒಂದು ಕಂಪನಿಯ ದೋಷವಲ್ಲ, ಇಡೀ ಉದ್ಯಮದ ರೂಢಿ. ಎಸ್ತೆಲಿಯ ಕಾರ್ಖಾನೆಗಳಲ್ಲಿ ಒಳಗಿನ ಎಲೆಗಳನ್ನು ಜೋಡಿಸಿ ಕಟ್ಟುವವರು ಒಬ್ಬರು, ಹೊರ ಹೊದಿಕೆ ಸುತ್ತುವವರು ಇನ್ನೊಬ್ಬರು, ಹೆಚ್ಚಾಗಿ ಹೆಣ್ಣುಮಕ್ಕಳು. ಎಲೆಯ ನಡುದಂಟು ಸೀಳುವವರು, ಹುದುಗುವ ರಾಶಿಯನ್ನು ಮಗುಚುವವರು, ಒದ್ದೆ ಎಲೆಯ ನಿಕೋಟಿನ್ ಚರ್ಮದೊಳಗಿಳಿದು ವಾಂತಿ, ತಲೆಸುತ್ತಿನಿಂದ ಬಳಲುವ ಹೊಲದ ಕೂಲಿಗಳು ಬೇರೆ. ಇವರಿಗೂ ಅಜ್ಜಂದಿರಿದ್ದರು, ಮೊಮ್ಮಕ್ಕಳಿದ್ದಾರೆ. ವಂಶಾವಳಿ ಮಾತ್ರ ಮಾಲೀಕನಿಗೆ.

ಕ್ಯೂಬಾದ ಚರಿತ್ರೆ ಬೇರೊಂದು ಪರಂಪರೆಯನ್ನೂ ಉಳಿಸಿದೆ. 1865ರಲ್ಲಿ ಹವಾನಾದ ಎಲ್ ಫಿಗಾರೋ ಕಾರ್ಖಾನೆಯ ಕಾರ್ಮಿಕರು ತಮ್ಮ ದುಡಿಮೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳಲು ಒಬ್ಬ ಓದುಗನನ್ನು ಕೂರಿಸಿದರು. ಅವನ ಸಂಬಳ ಅವರ ಜೇಬಿನಿಂದಲೇ ಹೋಗುತ್ತಿತ್ತು. ಪತ್ರಿಕೆ, ಕಾದಂಬರಿ, ರಾಜಕೀಯ ವಿಚಾರ ಎಲ್ಲವೂ ಎಲೆ ಸುತ್ತುವ ಮೇಜುಗಳಿಗೆ ತಲುಪಿದವು. ಮರುವರ್ಷವೇ ವಸಾಹತು ಸರ್ಕಾರ ಅದನ್ನು ನಿಷೇಧಿಸಿತು. ಫ್ಲಾರಿಡಾದ ಟ್ಯಾಂಪಾದಲ್ಲಿ 1931ರಲ್ಲಿ ಮಾಲೀಕರೇ ಓದುಗರನ್ನು ಹೊರಗಟ್ಟಿದರು. ಓದುವ ಕಾರ್ಮಿಕ ಪ್ರಶ್ನೆ ಕೇಳುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊಳಪು ಕಾಗದದ ಸಿಗಾರ್ ಜಾಹೀರಾತುಗಳು ಈ ಓದುಗನನ್ನು ನೆನೆದರೆ, ಅದು ಬಣ್ಣದ ಅಲಂಕಾರವಾಗಿ ಮಾತ್ರ.

ಪ್ರಾಚೀನತೆಯೇ ಪರಂಪರೆಯ ಅಳತೆಗೋಲಾದರೆ ನಮ್ಮ ನಾಡೇನೂ ಹಿಂದಿಲ್ಲ. 17ನೇ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಅಕ್ಬರನ ಆಸ್ಥಾನಕ್ಕೆ ತಂಬಾಕು ಒಯ್ದದ್ದು ಬಿಜಾಪುರದಿಂದ. ಆದರೂ ದಕ್ಷಿಣ ಕನ್ನಡದ ಜಗಲಿಯಲ್ಲಿ ಮಡಿಲಿಗೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸನ್ನು ಯಾರೂ ಪರಂಪರೆಯ ವಾರಸುದಾರಳೆಂದು ಕರೆಯಲಿಲ್ಲ. ಸಾವಿರಕ್ಕಿಷ್ಟು ಎಂಬ ಕೂಲಿ, ತಿರಸ್ಕೃತ ಬೀಡಿಯ ನಷ್ಟ ಅವಳ ಪಾಲಿಗೆ. ವಿಚಿತ್ರವೆಂದರೆ, ಭಾರತದ 1966ರ ಕಾಯ್ದೆ ಬೀಡಿ ಮತ್ತು ಸಿಗಾರ್ ಕಾರ್ಮಿಕರನ್ನು ಒಂದೇ ಶೀರ್ಷಿಕೆಯಡಿ ತಂದಿತು. ಮಾಲೀಕರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇತ್ತು: ಯಾವ ಮಾಲೀಕನ ಕೈಕೆಳಗೂ ಇಲ್ಲದೆ, ತನ್ನದೇ ಮನೆಯಲ್ಲಿ ಕುಟುಂಬದವರ ನೆರವಿನಿಂದ ದುಡಿಯುವವರಿಗೆ ಅದು ಅನ್ವಯಿಸದು. ಎಲೆ-ತಂಬಾಕು ಕೊಟ್ಟು ಬೀಡಿ ಪಡೆಯುವುದನ್ನೇ ಮಾರಾಟ-ಖರೀದಿ ಎಂದು ಬರೆದುಕೊಂಡು, ಕೂಲಿಯವಳನ್ನು ಸ್ವತಂತ್ರ ಉದ್ಯಮಿಯಾಗಿಸುವ ಉಪಾಯ ಹಲವೆಡೆ ನಡೆಯಿತು. 1986ರ ಬಾಲಕಾರ್ಮಿಕ ಕಾಯ್ದೆಯೂ ಕುಟುಂಬದವರೇ ನಡೆಸುವ ಕೆಲಸದ ಮನೆಗಳನ್ನು ನಿಷೇಧದಿಂದ ಹೊರಗಿಟ್ಟಿತು. ಒಂದೇ ಪದ ಸಿಗಾರಿನ ಮೇಲೆ ಬೆಲೆಯಾಗುತ್ತದೆ, ಬೀಡಿಯ ಬುಡದಲ್ಲಿ ನುಣುಚಿಕೊಳ್ಳುವ ದಾರಿಯಾಗುತ್ತದೆ.

ಅಮೆರಿಕದಲ್ಲೂ ಈ ಪದ ಕಾನೂನಿನ ಕೆಲಸಕ್ಕೆ ಬರುತ್ತದೆ. 2016ರಲ್ಲಿ ಆಹಾರ ಮತ್ತು ಔಷಧ ಆಡಳಿತವು ಸಿಗಾರನ್ನು ತನ್ನ ನಿಯಂತ್ರಣಕ್ಕೆ ತಂದಾಗ ಉದ್ಯಮ ಮುಂದಿಟ್ಟ ಮುಖಗಳು ಸಣ್ಣ ಕುಟುಂಬಗಳವು, ಕೈಕಸುಬಿನವು. 2023ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ಪ್ರೀಮಿಯಂ ಸಿಗಾರುಗಳ ಮಟ್ಟಿಗೆ ಆ ನಿಯಮವನ್ನು ರದ್ದುಪಡಿಸಿತು. ಕುಟುಂಬದ ಹೆಸರಿನಲ್ಲಿ ಕೇಳಿದ ರಿಯಾಯಿತಿ ದಕ್ಕಿತು. ಸುತ್ತುವವರ ಕುಟುಂಬಗಳ ಮಾತು ಈ ವಾದದಲ್ಲಿ ಬಂದದ್ದು ಉದ್ಯೋಗ ಹೋದೀತೆಂಬ ಬೆದರಿಕೆಯಾಗಿ ಮಾತ್ರ.

ಬಡ್ತಿಗೋ ಮದುವೆಗೋ ಸಿಗಾರ್ ಪೆಟ್ಟಿಗೆ ಉಡುಗೊರೆ ಕೊಡುವ ಅಭ್ಯಾಸ ನಮ್ಮವರಲ್ಲೂ ಇದೆ. ಸೇದಬೇಡಿ ಎಂದು ವೈದ್ಯರು ಹೇಳುತ್ತಾರೆ, ಅದನ್ನು ಕೇಳಬೇಕು. ಅದರ ಜೊತೆಗೆ ಮಾರುವವರನ್ನು ನಾವು ಕೇಳಬೇಕಾದದ್ದು ಇಷ್ಟು: ಈ ಒಂದು ಸಿಗಾರಿನ ಬೆಲೆಯಲ್ಲಿ ಸುತ್ತಿದವಳ ಪಾಲೆಷ್ಟು? ಅವಳಿಗೆ ಸಂಘ ಕಟ್ಟುವ ಹಕ್ಕಿದೆಯೇ? ಹೊಲದವನ ಕೈಗೆ ಗವಸು ಯಾರು ಕೊಡುತ್ತಾರೆ? ಉತ್ತರ ಬರುವ ತನಕ 'ಕುಟುಂಬದ ಪರಂಪರೆ' ಎಂಬುದನ್ನು ಒಂದು ವ್ಯಾಪಾರ ಮುದ್ರೆಯೆಂದೇ ಓದೋಣ. ಊರಿನ ಬೀಡಿ ಕಾರ್ಮಿಕರ ಸಂಘ ಕನಿಷ್ಠ ಕೂಲಿಗೆ ಧರಣಿ ಕೂತಾಗಲೂ ಇದೇ ಪ್ರಶ್ನೆಗಳೊಂದಿಗೆ ಅವರ ಬೆನ್ನಿಗೆ ನಿಲ್ಲೋಣ.