ರಾಯಣ್ಣನ ಜಗಳ ಶಿವಾಜಿಯ ಜೊತೆಗಲ್ಲ

ನಮ್ಮ ಧುಪದಾಳದ ಪಕ್ಕದ ಘಟಪ್ರಭಾ ನಿಲ್ದಾಣದಲ್ಲಿ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಒಡತಿಯ ಹೆಸರಿನ ಗಾಡಿ, ಬಂಟನ ಹೆಸರಿನ ನಿಲ್ದಾಣ. ಆದರೆ ಟಿಕೆಟ್ ಮೇಲೆ ಆತ ಬರೀ ‘ಕೆಎಸ್‌ಆರ್’. ಹೆಸರು ಹೀಗೆ ಸವೆದರೂ ಸುಮ್ಮನಿರುವ ನಾವು, ಪ್ರತಿಮೆಯ ಮಾತು ಬಂದರೆ ಬೀದಿಗಿಳಿಯುತ್ತೇವೆ.

2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಗಾಗಿ ಕನ್ನಡಿಗರು, ಮರಾಠಿಗರು ಎದುರುಬದುರಾದರು. ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು ಎಂದು ರಾಜಿಯಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು. ಬೆನ್ನಲ್ಲೇ ಅನಗೋಳದಲ್ಲಿ ರಾಯಣ್ಣನ ಪ್ರತಿಮೆ ಭಗ್ನವಾಯಿತು. ಎರಡೂ ಹೇಯ ಕೃತ್ಯ. ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಇಬ್ಬರು ವೀರರನ್ನು ಎರಡು ಭಾಷೆಗಳ ಕಾವಲಿಗೆ ನಿಲ್ಲಿಸಿದವರನ್ನೂ ಕೇಳಬೇಕು: ರಾಯಣ್ಣ ಯಾರ ವಿರುದ್ಧ ಕತ್ತಿ ಹಿರಿದ?

ಆತ ವಾಲೀಕಾರ. ಊರ ಚಾಕರಿಗೆ ಬಂದ ಹೊಲವೇ ಬದುಕು. ಚೆನ್ನಮ್ಮನ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಅದರಲ್ಲಿ ಅರ್ಧ ಕಿತ್ತುಕೊಂಡಿತು, ಉಳಿದದ್ದಕ್ಕೆ ಕಂದಾಯ ಹೇರಿತು. ಆ ಸಿಟ್ಟಿಗೇ 1830ರ ಜನವರಿಯಲ್ಲಿ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ ಹೊತ್ತಿ ಉರಿಯಿತು. ಆತನನ್ನು ಹಿಡಿದುಕೊಟ್ಟವರು ನಮ್ಮದೇ ಸೀಮೆಯ ಗೌಡರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದಾಗ ಆತನಿಗೆ 32ರ ಪ್ರಾಯ. ಈ ಕಥೆಯಲ್ಲಿ ಮರಾಠಿಗರ ಮೇಲಿನ ಹಗೆ ಎಲ್ಲಿದೆ?

ನಂದಗಡ ಇರುವುದು ಮರಾಠಿ ಹೆಚ್ಚು ಕೇಳಿಸುವ ಖಾನಾಪುರ ತಾಲ್ಲೂಕಿನಲ್ಲಿ. ಅಲ್ಲಿ ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆಯ ಪುಟ್ಟ ಕಟ್ಟಿಗೆ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬ ಬೇಡಿಕೆ ಯಾವ ಭಾಷೆಯಲ್ಲಿದ್ದರೂ ಆ ಮರ ಕೇಳಿಸಿಕೊಳ್ಳುತ್ತದೆ. ನಾವೇಕೆ ಅಷ್ಟು ದೊಡ್ಡವರಾಗುತ್ತಿಲ್ಲ?

ಪ್ರತಿಮೆಗಳಿಲ್ಲದ ಕಾಲದಲ್ಲಿ ರಾಯಣ್ಣನನ್ನು ಉಳಿಸಿಕೊಟ್ಟವರು ದಪ್ಪು, ತುಂತುಣಿ ಹಿಡಿದು ಊರೂರು ತಿರುಗಿದ ಲಾವಣಿಕಾರರು. ಅವರು ಹಾಡಿದ್ದು ಅನ್ಯಾಯಕ್ಕೆ ತಲೆಬಾಗದ ಬಡ ವಾಲೀಕಾರನ ಕಥೆಯನ್ನು. ವರ್ಷಕ್ಕೆರಡು ಸಲ ಮಾಲೆ ಹಾಕಿ ಕೈತೊಳೆದುಕೊಳ್ಳುವ ನಾಯಕರಿಗೆ ಆ ಕಥೆ ಬೇಕಾಗಿಲ್ಲ; ಹೊಲ, ಕಂದಾಯದ ಪ್ರಶ್ನೆ ಎದ್ದರೆ ಅವರೂ ಉತ್ತರ ಕೊಡಬೇಕಾಗುತ್ತದೆ.

ಬೆಳಗಾವಿಯ ಕನ್ನಡ ಶಾಲೆಯಲ್ಲೂ ಮರಾಠಿ ಶಾಲೆಯಲ್ಲೂ ಮಕ್ಕಳಿಗೆ ಆ ಹೊಲದ ಕಥೆ ಹೇಳಿ. ರೈಲ್ವೆಯವರು ಟಿಕೆಟ್ ಮೇಲೆ ಆತನ ಹೆಸರನ್ನು ಪೂರ್ತಿ ಅಚ್ಚು ಹಾಕಲಿ. ನಾವೂ ಊರಿಗೆ ಫೋನು ಮಾಡುವಾಗ ‘ಕೆಎಸ್‌ಆರ್‌ನಲ್ಲಿ ಇಳಿದೆ’ ಅನ್ನುವುದು ಬೇಡ. ರಾಯಣ್ಣನ ನಿಲ್ದಾಣದಲ್ಲಿ ಇಳಿದೆ ಅನ್ನೋಣ.